ಪೆಡಸಾದ ಪ್ಲಾಸ್ಟಿಕ್ಕೂ ರಬ್ಬರಿನ ಕಣಗಳೂ

ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಮಳೆ, ಕಾಡು, ಕಾಫಿಯ ತೋಟಗಳು ನೆನಪಿಗೆ ಬರುವುದು ಸಹಜ. ಆದರೆ ಬಾಬಾಬುಡನ್ ಗಿರಿಶ್ರೇಣಿಯನ್ನು ದಾಟಿ ಪೂರ್ವಕ್ಕೆ ಇಳಿದರೆ ನೆಲದ ಮುಖವೇ ಬೇರೆಯಾಗುವುದು. ಕಡೂರು ತಾಲ್ಲೂಕು, ತರೀಕೆರೆ ತಾಲ್ಲೂಕಿನ ಮೂಡಣ ಭಾಗ, ಹಿಂದೆ ತರೀಕೆರೆಗೆ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರ, ಇವೆಲ್ಲ ಬಯಲುಸೀಮೆಯ ನಾಡು. ಮಳೆಯ ಮೋಡಗಳನ್ನು ಗಿರಿಗಳು ಪಡುವಣದಲ್ಲಿಯೇ ತಡೆದುಬಿಡುವುದರಿಂದ ಇಲ್ಲಿಗೆ ಉಳಿಯುವ ಮಳೆ ಅಲ್ಪ. ಹಿಂದಿನವರು ಅಯ್ಯನಕೆರೆ, ಮದಗದಕೆರೆಗಳಂತಹ ಕೆರೆಗಳನ್ನು ಕಟ್ಟಿ ಬೆಟ್ಟದ ನೀರನ್ನು ಹಿಡಿದಿಟ್ಟರು. ತರೀಕೆರೆಯ ಕಡೆ ಒಂದಷ್ಟು ಭೂಮಿಗೆ ಲಕ್ಕವಳ್ಳಿಯ ಭದ್ರಾ ಜಲಾಶಯದ ನಾಲೆಯ ನೀರು ಒದಗಿದೆ. ಉಳಿದ ನೆಲದ ತೆಂಗು, ಅಡಿಕೆ, ಈರುಳ್ಳಿ ಬೆಳೆಗಳು ಇಂದು ನಂಬಿರುವುದು ಹೆಚ್ಚಾಗಿ ಕೊಳವೆ ಬಾವಿಯನ್ನು.

ಈ ಸೀಮೆಯ ನೆಲದಡಿ ಇರುವುದು ಗಟ್ಟಿಯಾದ ಹಳೆಯ ಬಂಡೆ. ನೀರು ಅದರ ಬಿರುಕುಗಳಲ್ಲಿ ಮಾತ್ರ ನಿಲ್ಲುವುದು. ಆದುದರಿಂದ ಬೋರ್ ಕೊರೆಯುವವರು ನೂರಾರು ಅಡಿ ಇಳಿಯಬೇಕಾಗುತ್ತದೆ. ಮೋಟಾರು ಪಂಪನ್ನೂ ಅಷ್ಟೇ ಆಳಕ್ಕೆ ತೂಗುಬಿಡಬೇಕಾಗುತ್ತದೆ. ಪಂಪನ್ನು ಹಿಡಿದು ನಿಲ್ಲಿಸುವುದೂ ನೀರನ್ನು ಮೇಲಕ್ಕೆ ತರುವುದೂ ಒಂದೇ ಪೈಪು. ಬಹುಕಾಲ ಅದು ಕಬ್ಬಿಣದ್ದಾಗಿತ್ತು. ಒಂದೂವರೆ ಅಂಗುಲದ ಕಬ್ಬಿಣದ ಪೈಪು ಮೀಟರಿಗೆ ಸುಮಾರು ಮೂರೂವರೆ ಕಿಲೋ ತೂಗುವುದು. ಇನ್ನೂರು ಮೀಟರಿಗೆ ಏಳುನೂರು ಕಿಲೋ ಆಯಿತು. ಮೇಲಾಗಿ ಅದು ತುಕ್ಕು ಹಿಡಿಯುವುದು. ತುಕ್ಕು ಹಿಡಿದ ಜೋಡಣೆ ಬಿಚ್ಚಲು ಬಾರದು. ಇತ್ತೀಚಿನ ದಶಕಗಳಲ್ಲಿ ಅದರ ಸ್ಥಾನಕ್ಕೆ ಗಡುಸಾದ ಪಿ.ವಿ.ಸಿ. ಪೈಪು ಬಂದಿದೆ. ಇದರ ತೂಕ ಕಬ್ಬಿಣದ್ದರ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ತುಕ್ಕಿನ ಮಾತೇ ಇಲ್ಲ.

ಆದರೂ ಪ್ಲಾಸ್ಟಿಕ್ ಪೈಪನ್ನು ಮೊದಲು ಕಂಡ ರೈತನು ಕೇಳುವ ಪ್ರಶ್ನೆಯೊಂದುಂಟು: “ಇದು ತಡೆಯುತ್ತದೆಯೆ?” ಪೈಪು ತುಂಡಾದರೆ ಮೋಟಾರು, ಪಂಪು, ಕೇಬಲ್ಲು ಎಲ್ಲವೂ ಬಾವಿಯ ತಳ ಸೇರುವುವು. ಆಸರೆಗಾಗಿ ಕಟ್ಟಿದ ಹಗ್ಗ ಉಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಿದ್ದ ಪಂಪು ಅಡ್ಡಲಾಗಿ ಸಿಕ್ಕಿಕೊಂಡರೆ ಬಾವಿಯೇ ಕೈಬಿಟ್ಟಂತೆ. ಬೇಸಗೆಯ ನಡುವೆ ಹಾಗಾದರೆ, ಹದಿನೈದು ವರ್ಷ ಸಾಕಿದ ಅಡಿಕೆಯ ಮರಗಳು ಮುಂದಿನ ಮಳೆಯವರೆಗೆ ಕಾಯಲಾರವು. ಆದುದರಿಂದ ರೈತನ ಪ್ರಶ್ನೆ ಹಗುರವಾದುದಲ್ಲ. ಅದಕ್ಕೆ ರಸಾಯನವಿಜ್ಞಾನವೂ ಭೌತವಿಜ್ಞಾನವೂ ಸೇರಿ ಕೊಟ್ಟಿರುವ ಉತ್ತರವನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ. ಆ ಉತ್ತರ ಮೊದಲ ನೋಟಕ್ಕೆ ವಿಚಿತ್ರವಾಗಿ ಕಾಣುವಂತಹುದು. ಪೈಪು ಮುರಿಯದಿರಬೇಕಾದರೆ ಅದರೊಳಗೆ ಪೈಪಿಗಿಂತ ಬಹಳ ಮೆತ್ತಗಿರುವ ವಸ್ತುವನ್ನು, ಎಂದರೆ ರಬ್ಬರನ್ನು, ಸಣ್ಣ ಸಣ್ಣ ಕಣಗಳಾಗಿ ಬೆರೆಸಬೇಕು.

ಮೊದಲು ಲೆಕ್ಕವನ್ನು ನೋಡೋಣ. ಪೈಪಿನ ಹೊರವ್ಯಾಸ ೪೮ ಮಿಲಿಮೀಟರು, ಗೋಡೆಯ ದಪ್ಪ ೫ ಮಿಲಿಮೀಟರು, ಉದ್ದ ೨೦೦ ಮೀಟರು ಎಂದು ಇಟ್ಟುಕೊಳ್ಳೋಣ. ಒಳವ್ಯಾಸ ೩೮ ಮಿಲಿಮೀಟರಾಯಿತು. ಪೈಪು ತುಂಬಿದಾಗ ಅದರಲ್ಲಿ ನಿಲ್ಲುವ ನೀರು ಸುಮಾರು ೨೨೭ ಕಿಲೋ. ಪೈಪಿನ ವಸ್ತುವಿನ ಸಾಂದ್ರತೆ ನೀರಿನ ೧.೪ರಷ್ಟು, ಅದರ ತೂಕ ಸುಮಾರು ೧೯೦ ಕಿಲೋ. ಪಂಪು ಮೋಟಾರುಗಳಿಗೆ ೬೦ ಕಿಲೋ ಸೇರಿಸಿದರೆ ಒಟ್ಟು ೪೭೭ ಕಿಲೋ. ಈ ಭಾರವೆಲ್ಲ ಅತ್ಯಂತ ಮೇಲಿನ ಪೈಪಿನ ಮೇಲೆ ಬೀಳುವುದು. ಆ ಪೈಪಿನ ಗೋಡೆಯ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು ೬೭೫ ಚದರ ಮಿಲಿಮೀಟರು. ಭಾಗಿಸಿದರೆ ಒಂದೊಂದು ಚದರ ಮಿಲಿಮೀಟರಿಗೂ ಬರುವ ಎಳೆತ ಸುಮಾರು ೭ ನ್ಯೂಟನ್. ಇದನ್ನೇ ಪೀಡನೆ ಎನ್ನುವೆವು. ಒಳ್ಳೆಯ ಪಿ.ವಿ.ಸಿ. ಸುಮಾರು ೪೫ ನ್ಯೂಟನ್‌ವರೆಗೆ ತಾಳಬಲ್ಲುದು. ಆರು ಪಟ್ಟು ಭದ್ರತೆ ಇದ್ದಂತಾಯಿತು. ಇನ್ನೇನು ಚಿಂತೆ ಎನ್ನಬಹುದು.

ಚಿಂತೆ ಇರುವುದು ಜೋಡಣೆಯಲ್ಲಿ. ಒಂದು ಪೈಪಿಗೆ ಇನ್ನೊಂದನ್ನು ತಿರುಪಿನಿಂದ ಕೂಡಿಸಬೇಕು. ತಿರುಪಿನ ಹಲ್ಲನ್ನು ಗೋಡೆಯಲ್ಲಿಯೇ ಕೊರೆಯಬೇಕು. ಕೊರೆದ ಕಡೆ ದಪ್ಪದಲ್ಲಿ ಅರ್ಧ ಹೋಯಿತೆಂದರೆ ಪೀಡನೆ ೧೪ಕ್ಕೆ ಏರಿತು. ಸಾಲದೆಂಬಂತೆ, ಹಲ್ಲಿನ ಬುಡದ ಚೂಪಾದ ಮೂಲೆಯಲ್ಲಿ ಪೀಡನೆ ಒಂದೆಡೆ ಕೂಡಿಬರುವುದು. ದುಂಡನೆಯ ರಂಧ್ರದ ಅಂಚಿನಲ್ಲಿಯೇ ಅದು ಮೂರು ಪಟ್ಟಾಗುವುದೆಂದು ಗಣಿತ ತೋರಿಸುತ್ತದೆ. ಮೂಲೆ ಚೂಪಾದಷ್ಟೂ ಅದು ಇನ್ನೂ ಹೆಚ್ಚು. ಮೂರು ಪಟ್ಟು ಎಂದೇ ಹಿಡಿದರೂ ೧೪ ಎಂಬುದು ೪೨ ಆಯಿತು. ಆರು ಪಟ್ಟಿನ ಭದ್ರತೆ ಹಲ್ಲಿನ ಬುಡದಲ್ಲಿ ಕರಗಿಹೋಯಿತು. ಪೈಪು ತಯಾರಿಸುವವರು ಇದನ್ನರಿತು ತುದಿಗಳನ್ನು ದಪ್ಪವಾಗಿ ಮಾಡುವರು, ಹಲ್ಲುಗಳ ಮೂಲೆಯನ್ನು ದುಂಡಾಗಿಸುವರು. ಆದರೆ ಪೈಪನ್ನು ಬಾವಿಗೆ ಇಳಿಸುವಾಗ ಕೇಸಿಂಗಿನ ಅಂಚು ಎಳೆದ ಗೀರನ್ನೂ, ಲಾರಿಯಿಂದ ಕೆಳಗೆಸೆದಾಗ ಬಿದ್ದ ಕಚ್ಚನ್ನೂ ತಡೆಯುವವರಾರು? ಅದರ ಮೇಲೆ ಮೋಟಾರು ಚಾಲೂ ಆದಾಗ ಪೈಪನ್ನು ತಿರುಚುವ ಜಗ್ಗು ಬೇರೆ. ಮೂರು ಫೇಸಿನ ವಿದ್ಯುತ್ತು ಬಂದು ಹೋಗಿ ಮಾಡುವ ದಿನಗಳಲ್ಲಿ ಈ ಜಗ್ಗು ಎಷ್ಟು ಸಲ ಎಂಬುದನ್ನು ಎಣಿಸುವವರಿಲ್ಲ.

ಬಿರುಕಿನ ತುದಿಯಲ್ಲಿ ಬಲ ಕೂಡಿಬರುವುದೆಂಬುದನ್ನು ನಮ್ಮ ಕಲ್ಲುಕುಟಿಗರು ಗಣಿತವಿಲ್ಲದೆಯೇ ಬಲ್ಲರು. ಆಳೆತ್ತರದ ಬಂಡೆಯ ಮೇಲೆ ಸಾಲಾಗಿ ಸಣ್ಣ ಗುಳಿಗಳನ್ನು ಕೊರೆದು, ಅವುಗಳಲ್ಲಿ ಉಕ್ಕಿನ ಬೆಣೆಗಳನ್ನಿಟ್ಟು ಒಂದರ ಮೇಲೊಂದರಂತೆ ಹೊಡೆದರೆ ಬಂಡೆ ನೇರವಾಗಿ ಸೀಳುವುದು. ಬಂಡೆಯ ಕೋಟ್ಯಂತರ ಕಣಗಳ ಬಂಧವನ್ನು ಅವರು ಒಮ್ಮೆಗೇ ಕಡಿಯುವುದಿಲ್ಲ. ಒಂದು ಬಿರುಕನ್ನು ಹುಟ್ಟಿಸಿ ಅದರ ಮೊನೆಯಲ್ಲಿ ಮಾತ್ರ ಬಂಧ ಕಡಿಯುವಂತೆ ಮಾಡುವರು. ಮುಂದಿನ ಕೆಲಸವನ್ನು ಬಿರುಕೇ ಮಾಡಿಕೊಳ್ಳುವುದು. ಈ ವಿಷಯಕ್ಕೆ ೧೯೧೩ರಲ್ಲಿ ಇಂಗ್ಲಿಸ್ ಎಂಬವರೂ, ೧೯೨೦ರಲ್ಲಿ ಗಾಜಿನ ಮೇಲೆ ಪ್ರಯೋಗ ಮಾಡಿದ ಗ್ರಿಫಿತ್ ಎಂಬವರೂ ಗಣಿತದ ರೂಪ ಕೊಟ್ಟರು. ಬಿರುಕು ಮುಂದುವರಿಯುವಾಗ ಹೊರಬೀಳುವ ಶಕ್ತಿ ಹೊಸ ಮೈಯನ್ನು ತೆರೆಯಲು ಬೇಕಾದ ಶಕ್ತಿಯನ್ನು ಮೀರಿದರೆ, ಬಿರುಕು ತಾನಾಗಿಯೇ ಓಡುವುದು. ಗ್ರಿಫಿತ್ ಸಿದ್ಧಾಂತದ ತಿರುಳು ಇಷ್ಟೆ.

ಇಲ್ಲಿ ನಮ್ಮ ಭಾಷೆಯ ಒಂದು ಪದವನ್ನು ಕುರಿತು ಎಚ್ಚರ ಹೇಳಬೇಕಾಗಿದೆ. ‘ಗಟ್ಟಿ’ ಎಂಬ ಮಾತನ್ನು ನಾವು ಹಲವು ಅರ್ಥಗಳಲ್ಲಿ ಬಳಸುತ್ತೇವೆ. ಗೀರಲು ಬಾರದ್ದು ಗಟ್ಟಿ, ಬಾಗದ್ದು ಗಟ್ಟಿ, ಹೆಚ್ಚು ಭಾರ ಹೊರುವುದು ಗಟ್ಟಿ, ಬಿದ್ದರೂ ಒಡೆಯದ್ದು ಗಟ್ಟಿ. ವಿಜ್ಞಾನಕ್ಕೆ ಇವು ನಾಲ್ಕು ಬೇರೆ ಬೇರೆ ಗುಣಗಳು: ಕಾಠಿನ್ಯ, ಬಿರುಸು, ಬಲ, ದಾರ್ಢ್ಯ. ಗಾಜಿನಲ್ಲಿ ಮೊದಲ ಎರಡು ತುಂಬ ಇವೆ, ನಾಲ್ಕನೆಯದು ಇಲ್ಲ. ತೊಗಲಿನಲ್ಲಿ ನಾಲ್ಕನೆಯದು ಇದೆ, ಮೊದಲ ಎರಡು ಇಲ್ಲ. ದಾರ್ಢ್ಯವೆಂದರೆ ಮುರಿಯುವ ಮೊದಲು ವಸ್ತು ನುಂಗಿಕೊಳ್ಳಬಲ್ಲ ಶಕ್ತಿಯ ಪ್ರಮಾಣ. ಅದಿಲ್ಲದ್ದನ್ನು ಪೆಡಸು ಎನ್ನುವೆವು. ಪ್ರಯೋಗಶಾಲೆಯಲ್ಲಿ ದಾರ್ಢ್ಯವನ್ನು ಅಳೆಯಲು ಕಚ್ಚು ಮಾಡಿದ ತುಂಡನ್ನು ತೂಗಾಡುವ ಸುತ್ತಿಗೆಯಿಂದ ಹೊಡೆಯುವರು. ಮುರಿದ ಮೇಲೆ ಸುತ್ತಿಗೆ ಎಷ್ಟು ಎತ್ತರಕ್ಕೆ ಏರಲು ಸೋತಿತು ಎಂಬುದರಿಂದ ನುಂಗಿದ ಶಕ್ತಿ ತಿಳಿಯುವುದು. ಐಜಾಡ್ ಮತ್ತು ಷಾರ್ಪಿ ಪರೀಕ್ಷೆಗಳು ಈ ಬಗೆಯವು. ರಬ್ಬರ್ ಬೆರೆಸುವುದರಿಂದ ಹೆಚ್ಚುವುದು ನಾಲ್ಕನೆಯ ಗುಣ ಮಾತ್ರ. ಮೊದಲ ಮೂರೂ ಸ್ವಲ್ಪ ಕುಗ್ಗುವುವು. ‘ರಬ್ಬರ್ ಹಾಕಿದರೆ ಪೈಪು ಗಟ್ಟಿಯಾಗುವುದು’ ಎಂಬ ಮಾತು ಹೀಗೆ ಸರಿಯೂ ಹೌದು, ತಪ್ಪೂ ಹೌದು.

ಪ್ಲಾಸ್ಟಿಕ್ಕುಗಳಲ್ಲಿ ಅತ್ಯಂತ ಪೆಡಸಾದವುಗಳಲ್ಲಿ ಒಂದು ಪಾಲಿಸ್ಟೈರೀನ್. ಹಾಡಿನ ಸಿ.ಡಿ.ಗಳು ಬರುತ್ತಿದ್ದ ಸ್ವಚ್ಛ ಪಾರದರ್ಶಕ ಡಬ್ಬಿಗಳು ಇದರವು. ಕೈಜಾರಿ ಬಿದ್ದರೆ ಮೂಲೆ ಚೂರಾಗುವುದನ್ನು ವಾಚಕರು ಕಂಡಿರಬಹುದು. ಇದರ ಉದ್ದುದ್ದವಾದ ಬೃಹದಣುಗಳು ಒಂದರೊಳಗೊಂದು ಹೆಣೆದುಕೊಂಡಿರುವುವು. ನೂರು ಡಿಗ್ರಿ ಉಷ್ಣತೆಯವರೆಗೂ ಅವು ಚಲನೆಯಿಲ್ಲದೆ ಸೆಟೆದಿರುವುವು. ಇದು ಗಾಜಿನ ಸ್ಥಿತಿ. ರಬ್ಬರಿನ ಬೃಹದಣುಗಳೂ ಉದ್ದವೇ. ಆದರೆ ನಮ್ಮ ಕೋಣೆಯ ಉಷ್ಣತೆಯಲ್ಲಿ ಅವು ಬಳುಕುತ್ತ ಹೊರಳುತ್ತ ಇರುವುವು.

ಪಾಲಿಸ್ಟೈರೀನಿಗೆ ರಬ್ಬರ್ ಸೇರಿಸುವ ಯೋಚನೆ ಹಳೆಯದು. ಆಸ್ಟ್ರೊಮಿಸ್ಲೆನ್ಸ್ಕಿ ಎಂಬ ರಸಾಯನಜ್ಞನು ೧೯೨೭ರಲ್ಲಿಯೇ ಇದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದನು. ಆದರೆ ವಸ್ತು ಮಾರುಕಟ್ಟೆಗೆ ಬಂದುದು ಎರಡನೆಯ ಮಹಾಯುದ್ಧದ ನಂತರ, ೧೯೪೮ರ ಸುಮಾರಿಗೆ. ತಡವೇಕಾಯಿತೆಂದರೆ, ಎರಡನ್ನೂ ಸುಮ್ಮನೆ ಕಲಸಿದರೆ ಸಾಲದು. ರಬ್ಬರು ಸರಿಯಾದ ಗಾತ್ರದ ಕಣಗಳಾಗಿ ಒಡೆಯಬೇಕು, ಮತ್ತು ಆ ಕಣಗಳ ಮೈ ಸುತ್ತಣ ಪ್ಲಾಸ್ಟಿಕ್ಕಿಗೆ ರಾಸಾಯನಿಕವಾಗಿ ಬೆಸೆದಿರಬೇಕು. ಇದಕ್ಕೆ ಕಂಡುಕೊಂಡ ಉಪಾಯ ನಮ್ಮ ಮನೆಗಳ ಕಡೆಗೋಲಿನ ಕೆಲಸವನ್ನು ಹೋಲುತ್ತದೆ. ಕೆನೆಯಲ್ಲಿ ಬೆಣ್ಣೆಯ ಹನಿಗಳು ನೀರಿನೊಳಗೆ ತೇಲುತ್ತಿರುವುವು. ಕಡೆಯುತ್ತ ಹೋದಂತೆ ಒಂದು ಗಳಿಗೆಯಲ್ಲಿ ಅದು ತಿರುವುಮುರುವಾಗಿ ಬೆಣ್ಣೆಯೇ ಹೊರಗಿನದಾಗುವುದು, ನೀರು ಅದರೊಳಗೆ ಹನಿಗಳಾಗಿ ಸಿಕ್ಕಿಕೊಳ್ಳುವುದು. ಅಂತೆಯೇ, ದ್ರವವಾದ ಸ್ಟೈರೀನಿನಲ್ಲಿ ರಬ್ಬರನ್ನು ಕರಗಿಸಿ ಕಾಯಿಸಿದಾಗ ಮೊದಲು ಹುಟ್ಟುವ ಪಾಲಿಸ್ಟೈರೀನ್ ರಬ್ಬರಿನ ದ್ರಾವಣದೊಳಗೆ ಹನಿಗಳಾಗಿ ನಿಲ್ಲುವುದು. ಬಿಡದೆ ಕಡೆಯುತ್ತಿದ್ದರೆ, ಪಾಲಿಸ್ಟೈರೀನ್ ಹೆಚ್ಚಿದಂತೆ ಮಿಶ್ರಣ ತಿರುವುಮುರುವಾಗಿ ರಬ್ಬರೇ ಕಣಗಳಾಗುವುದು. ಕಡೆಯುವುದನ್ನು ಮರೆತರೆ ತಿರುವೂ ಸರಿಯಾಗಿ ಆಗದು, ಒಳ್ಳೆಯ ಸರಕೂ ಆಗದು. ಹೀಗಾದ ರಬ್ಬರ್ ಕಣದ ಒಳಗೆ ದಾಳಿಂಬೆಯ ಕಾಳುಗಳಂತೆ ಪಾಲಿಸ್ಟೈರೀನಿನ ಹನಿಗಳು ಸಿಕ್ಕಿಕೊಂಡಿರುವುವು. ನೂರಕ್ಕೆ ಏಳೆಂಟು ಪಾಲು ರಬ್ಬರು ಹಾಕಿದರೂ ಕಣಗಳು ಆಕ್ರಮಿಸುವ ಜಾಗ ನೂರಕ್ಕೆ ಇಪ್ಪತ್ತನ್ನು ಮೀರುವುದು ಇದರಿಂದಲೇ. ಕಡಿಮೆ ಹಾಕಿ ಹೆಚ್ಚು ಫಲ ಪಡೆದಂತಾಯಿತು.

೧೯೬೫ರಲ್ಲಿ ಕಾಟೊ ಎಂಬ ಜಪಾನಿನ ವಿಜ್ಞಾನಿ ಈ ಕಣಗಳನ್ನು ಆಸ್ಮಿಯಮ್ ಟೆಟ್ರಾಕ್ಸೈಡಿನಿಂದ ಕಪ್ಪಾಗಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣಿಸಿಕೊಟ್ಟರು. ಅಲ್ಲಿಯವರೆಗೆ ಊಹೆಯ ಮೇಲೆ ನಡೆಯುತ್ತಿದ್ದ ಚರ್ಚೆಗೆ ಅಂದಿನಿಂದ ಕಣ್ಣು ಬಂದಿತು.

ಚರ್ಚೆ ಯಾವುದೆಂದರೆ, ಮೆತ್ತನೆಯ ಕಣ ದಾರ್ಢ್ಯವನ್ನು ಹೇಗೆ ಕೊಡುತ್ತದೆ ಎಂಬುದು. ಮರ್ಜ್, ಕ್ಲೇವರ್ ಮತ್ತು ಬೇಯರ್ ಎಂಬ ಮೂವರು ೧೯೫೬ರಲ್ಲಿ ಒಂದು ವಿವರಣೆ ಕೊಟ್ಟರು. ಬಿರುಕು ಬಾಯಿಬಿಟ್ಟಾಗ ರಬ್ಬರಿನ ಕಣಗಳು ಎರಡು ದಡಗಳನ್ನೂ ಹಿಡಿದುಕೊಂಡು ಹಿಗ್ಗುವುವು. ಹಿಗ್ಗಲು ಬೇಕಾದ ಶಕ್ತಿಯೇ ನುಂಗಿಹೋದ ಶಕ್ತಿ ಎಂದರು. ವಿವರಣೆ ಮನಸ್ಸಿಗೆ ಹಿಡಿಸುವಂತಿದೆ. ಮಣ್ಣಿನ ಗೋಡೆಗೆ ಹುಲ್ಲು ಬೆರೆಸುವ ನಮ್ಮ ಪದ್ಧತಿಯಲ್ಲಿ ಹುಲ್ಲು ಮಾಡುವ ಕೆಲಸವೂ ಇದೇ. ಆದರೆ ಲೆಕ್ಕ ಒಪ್ಪಲಿಲ್ಲ. ರಬ್ಬರನ್ನು ಹಿಗ್ಗಿಸಲು ಬೇಕಾಗುವ ಶಕ್ತಿ ತುಂಬ ಅಲ್ಪ. ನುಂಗಿಹೋಗುತ್ತಿದ್ದುದು ಅದಕ್ಕಿಂತ ಬಹಳ ಹೆಚ್ಚು. ಹಾಗಾದರೆ ನುಂಗುತ್ತಿರುವುದು ರಬ್ಬರಲ್ಲ, ಪೆಡಸೆಂದು ನಾವು ದೂರುತ್ತಿದ್ದ ಪ್ಲಾಸ್ಟಿಕ್ಕೇ. ರಬ್ಬರು ಅದಕ್ಕೆ ಅವಕಾಶ ಮಾಡಿಕೊಡುತ್ತಿದೆ ಅಷ್ಟೆ. ಇದನ್ನು ಅರಿತುದು ಈ ವಿಷಯದಲ್ಲಿ ಆದ ದೊಡ್ಡ ಹೆಜ್ಜೆಯೆಂದು ನಮ್ಮ ಅಭಿಪ್ರಾಯ.

ಬಕ್ನಲ್ ಮತ್ತು ಸ್ಮಿತ್ ಎಂಬವರು ೧೯೬೫ರಲ್ಲಿ ಅದನ್ನು ಹೀಗೆ ತೋರಿಸಿದರು. ರಬ್ಬರ್ ಬೆರೆಸಿದ ಪಾಲಿಸ್ಟೈರೀನನ್ನು ಎಳೆದರೆ ಅದು ಮುರಿಯುವ ಮೊದಲು ಬೆಳ್ಳಗಾಗುವುದು. ಬೆಳ್ಳಗಾದ ಭಾಗವನ್ನು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಎಳೆತಕ್ಕೆ ಅಡ್ಡಲಾಗಿ ಲೆಕ್ಕವಿಲ್ಲದಷ್ಟು ಕಿರುಗೆರೆಗಳು ಕಾಣುವುವು. ಇವುಗಳಿಗೆ ಇಂಗ್ಲಿಷಿನಲ್ಲಿ ಕ್ರೇಜ್ ಎಂದು ಹೆಸರು. ನಾವು ‘ನಾರ್ಬಿರುಕು’ ಎನ್ನೋಣ. ಇದು ನಿಜವಾದ ಬಿರುಕಲ್ಲ. ಅದರ ಎರಡು ದಡಗಳ ನಡುವೆ ಮೀಟರಿನ ನೂರು ಕೋಟಿಯ ಒಂದು ಪಾಲಿನ ಹತ್ತಿಪ್ಪತ್ತರಷ್ಟು ದಪ್ಪದ ಎಳೆಗಳು ಸೇತುವೆಯಂತೆ ನಿಂತಿರುವುವು. ನಾರ್ಬಿರುಕಿನ ಒಳಗೆ ಸುಮಾರು ಅರ್ಧ ಭಾಗ ಪ್ಲಾಸ್ಟಿಕ್ಕು, ಅರ್ಧ ಭಾಗ ಬರಿದು. ಆ ಎಳೆಗಳನ್ನು ಎಳೆದು ತೆಗೆಯುವುದರಲ್ಲಿ ಶಕ್ತಿ ವ್ಯಯವಾಗುವುದು. ನೆನಪಿಡಬೇಕಾದ ಸಂಗತಿಯೆಂದರೆ, ರಬ್ಬರಿಲ್ಲದ ಪಾಲಿಸ್ಟೈರೀನ್ ಮುರಿಯುವಾಗಲೂ ಬಿರುಕಿನ ಮೊನೆಯಲ್ಲಿ ನಾರ್ಬಿರುಕು ಹುಟ್ಟುವುದು. ಆದರೆ ಹುಟ್ಟುವುದು ಅಲ್ಲಿ ಮಾತ್ರ. ಒಂದೇ ನಾರ್ಬಿರುಕಿನ ಎಳೆಗಳು ಹರಿದರೆ ಮುಗಿಯಿತು. ಉಳಿದ ವಸ್ತುವೆಲ್ಲ ಏನೂ ಮಾಡದೆಯೇ ತುಂಡಾಗುವುದು.

ಮೆತ್ತನೆಯ ದುಂಡು ಕಣವಾದರೋ ತನ್ನ ಪಾಲಿನ ಭಾರವನ್ನು ಹೊರದೆ ನೆರೆಯವರ ಮೇಲೆ ಹೊರಿಸುವುದು. ಆದುದರಿಂದ ಕಣದ ನಡುಮೈಯಲ್ಲಿ, ಭೂಗೋಳಕ್ಕೆ ಭೂಮಧ್ಯರೇಖೆ ಇದ್ದಂತೆ ಇರುವ ಬಳೆಯಲ್ಲಿ, ಪೀಡನೆ ಸುಮಾರು ಎರಡು ಪಟ್ಟಾಗಿ ಅಲ್ಲಿ ನಾರ್ಬಿರುಕು ಹುಟ್ಟುವುದು. ಅದು ಬೆಳೆದು ದೊಡ್ಡದಾಗುವ ಮೊದಲೇ ಮುಂದಿನ ಕಣ ಎದುರಾಗಿ ಅದನ್ನು ನಿಲ್ಲಿಸುವುದು. ಹೀಗೆ ಕೋಟಿ ಕೋಟಿ ಕಣಗಳ ಬಳಿ ಕೋಟಿ ಕೋಟಿ ಕಿರು ನಾರ್ಬಿರುಕುಗಳು. ಯಾವುದೂ ಮಾರಕವಾಗುವಷ್ಟು ದೊಡ್ಡದಲ್ಲ. ಒಂದು ಕಡೆ ಆಗಬೇಕಾಗಿದ್ದ ಸೋಲನ್ನು ವಸ್ತು ಮೈಯೆಲ್ಲ ಹಂಚಿಕೊಂಡಂತಾಯಿತು. ಒಂದೆರಡು ಪಾಲು ಹಿಗ್ಗುವಷ್ಟರಲ್ಲಿ ಮುರಿಯುತ್ತಿದ್ದ ವಸ್ತು ನೂರಕ್ಕೆ ಇಪ್ಪತ್ತು ಮೂವತ್ತು ಪಾಲು ಹಿಗ್ಗಿಯೂ ನಿಲ್ಲುವುದು.

ಇನ್ನು ನಮ್ಮ ಬಾವಿಯ ಪೈಪಿಗೆ ಮರಳೋಣ. ಪಿ.ವಿ.ಸಿ. ಪಾಲಿಸ್ಟೈರೀನಿನಷ್ಟು ಪೆಡಸಲ್ಲ. ನಯವಾದ ತುಂಡನ್ನು ನಿಧಾನವಾಗಿ ಎಳೆದರೆ ಅದು ಚೆನ್ನಾಗಿಯೇ ಹಿಗ್ಗುವುದು. ಅದರ ದೋಷವೆಂದರೆ ಕಚ್ಚು ಬಿದ್ದ ಕಡೆ, ಹಠಾತ್ತಾಗಿ ಪೆಟ್ಟು ಬಿದ್ದಾಗ ಪೆಡಸಾಗಿಬಿಡುವುದು. ತಿರುಪಿನ ಹಲ್ಲು, ಮೋಟಾರಿನ ಜಗ್ಗು ಎಂದರೆ ಇವೆರಡೂ ಒಟ್ಟಿಗೆ ಕೂಡಿದ ಸಂದರ್ಭ. ಇಲ್ಲಿ ರಬ್ಬರ್ ಕಣಗಳು ಮಾಡುವ ಕೆಲಸವೂ ತುಸು ಬೇರೆ. ನ್ಯೂಮನ್ ಮತ್ತು ಸ್ಟ್ರೆಲ್ಲಾ ಎಂಬವರು, ಅವರೂ ೧೯೬೫ರಲ್ಲಿಯೇ, ಎ.ಬಿ.ಎಸ್. ಎಂಬ ಪ್ಲಾಸ್ಟಿಕ್ಕಿನಲ್ಲಿ ವಸ್ತು ಪದರ ಪದರವಾಗಿ ಜಾರಿ ಶಕ್ತಿಯನ್ನು ನುಂಗುವುದೆಂದು ತೋರಿಸಿದ್ದರು, ಪಿ.ವಿ.ಸಿ.ಯಲ್ಲಿ ಪ್ರಧಾನವಾದುದು ಈ ಜಾರುವಿಕೆಯೇ. ಕಚ್ಚಿನ ಬುಡದಲ್ಲಿ ವಸ್ತುವನ್ನು ಎಲ್ಲ ದಿಕ್ಕುಗಳಿಂದಲೂ ಎಳೆದು ಹಿಡಿದಂತಿರುವುದರಿಂದ ಅದಕ್ಕೆ ಜಾರಲು ಎಡೆಯಿರುವುದಿಲ್ಲ. ರಬ್ಬರಿನ ಕಣವಿದ್ದರೆ ಆ ಎಳೆತಕ್ಕೆ ಅದು ಒಳಗೇ ಬಾಯಿಬಿಟ್ಟು ಪೊಳ್ಳಾಗುವುದು. ಪೊಳ್ಳುಗಳ ನಡುವೆ ಉಳಿದ ಪಿ.ವಿ.ಸಿ. ಈಗ ತೆಳುವಾದ ಪಟ್ಟಿಗಳಂತಾಗಿ ಬಿಡುಗಡೆ ಹೊಂದಿ ಜಾರುವುದು. ಅಡಿಕೆಯ ಮರದ ಇಡೀ ಕಾಂಡ ಬಾಗದು. ಅದನ್ನೇ ಸೀಳಿದ ದಬ್ಬೆ ಬಳುಕುವುದು. ಹೋಲಿಕೆ ಪೂರ್ಣವಲ್ಲವಾದರೂ ಇಷ್ಟರಮಟ್ಟಿಗೆ ಸಾಕು.

ಪಟ್ಟಿ ಎಷ್ಟು ತೆಳುವಾಗಿರಬೇಕು? ಸೌಹೆಂಗ್ ವು ಎಂಬ ವಿಜ್ಞಾನಿ ೧೯೮೫ರಲ್ಲಿ ನೈಲಾನ್ ಕುರಿತು ಈ ಪ್ರಶ್ನೆಯನ್ನೆತ್ತಿಕೊಂಡು, ನೆರೆಯ ಎರಡು ಕಣಗಳ ನಡುವಣ ಅಂತರ ಸುಮಾರು ೦.೩ ಮೈಕ್ರಾನಿಗಿಂತ ಕಡಿಮೆಯಾದರೆ ನೈಲಾನ್ ದೃಢವೂ, ಹೆಚ್ಚಾದರೆ ಪೆಡಸೂ ಆಗುವುದೆಂದು ಕಂಡರು. ಒಂದೇ ತೂಕದ ರಬ್ಬರಿನಿಂದ ಕಣಗಳನ್ನು ಸಣ್ಣವಾಗಿಸಿದಷ್ಟೂ ಅಂತರ ಕಿರಿದಾಗುವುದೆಂಬುದು ಸ್ಪಷ್ಟ. ಪಿ.ವಿ.ಸಿ.ಗೆ ಬಳಸುವ ಕಣಗಳು ಮೈಕ್ರಾನಿನ ಹತ್ತನೆಯ ಒಂದರಿಂದ ಮೂರು ಪಾಲಿನಷ್ಟು ಮಾತ್ರ ಇರುವುವು. ಪಾಲಿಸ್ಟೈರೀನಿಗೆ ಇಷ್ಟು ಸಣ್ಣ ಕಣ ನಿಷ್ಪ್ರಯೋಜಕ. ಅಲ್ಲಿ ನಾರ್ಬಿರುಕನ್ನು ಹುಟ್ಟಿಸಿ ತಡೆಯಲು ಒಂದು ಮೈಕ್ರಾನಿಗಿಂತ ದೊಡ್ಡ ಕಣ ಬೇಕು. ಒಂದು ಪ್ಲಾಸ್ಟಿಕ್ಕಿಗೆ ಒಗ್ಗಿದ ಮದ್ದು ಇನ್ನೊಂದಕ್ಕೆ ಒಗ್ಗದು. ಪಿ.ವಿ.ಸಿ.ಯ ಕಣಗಳಲ್ಲಿ ಹಲವನ್ನು ರಬ್ಬರಿನ ತಿರುಳಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಸಿಪ್ಪೆ ತೊಡಿಸಿ ಮಾಡುವರು. ಸಿಪ್ಪೆಯು ಪಿ.ವಿ.ಸಿ.ಯೊಡನೆ ಬೆರೆಯುವಂತಹುದು, ಅದರಿಂದ ಕಣಗಳು ಒಂದಕ್ಕೊಂದು ಅಂಟದೆ ಹರಡುವುವು, ಸುತ್ತಣ ವಸ್ತುವಿಗೂ ಹಿಡಿದುಕೊಳ್ಳುವುವು. ನೂರು ಪಾಲು ಪಿ.ವಿ.ಸಿ.ಗೆ ಇಂತಹ ಕಣಗಳು ಐದರಿಂದ ಹತ್ತು ಪಾಲು ಸಾಮಾನ್ಯ.

ಯಾವ ರಬ್ಬರು ಎಂಬುದೂ ಮುಖ್ಯ. ಪ್ರತಿಯೊಂದು ರಬ್ಬರಿಗೂ ಅದಕ್ಕಿಂತ ಕೆಳಗೆ ಗಾಜಿನಂತೆ ಸೆಟೆದುಕೊಳ್ಳುವ ಉಷ್ಣತೆಯೊಂದು ಉಂಟು. ಪಾಲಿಬ್ಯುಟಡೈಯೀನಿಗೆ ಅದು ಸೊನ್ನೆಗಿಂತ ಸುಮಾರು ೯೦ ಡಿಗ್ರಿ ಕೆಳಗೆ, ಮರದ ಹಾಲಿನ ರಬ್ಬರಿಗೆ ೭೦ ಡಿಗ್ರಿ, ಅಕ್ರಿಲಿಕ್ ರಬ್ಬರಿಗೆ ೫೦ರ ಆಸುಪಾಸು. ಕಡೂರಿನ ಚಳಿಗಾಲ ಎಷ್ಟೇ ಕೊರೆದರೂ ಸೊನ್ನೆಯನ್ನು ಮುಟ್ಟುವುದಿಲ್ಲವಲ್ಲ, ಇಷ್ಟು ಕೆಳಗಿನ ಅಂಕಿಗಳ ಹಂಗು ನಮಗೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಉತ್ತರ ವೇಗದಲ್ಲಿದೆ. ಬೃಹದಣುಗಳು ಹೊರಳಲು ಸ್ವಲ್ಪ ಸಮಯ ಬೇಕು. ಪೆಟ್ಟು ಬೇಗನೆ ಬಿದ್ದಷ್ಟೂ ಆ ಸಮಯ ಸಿಗದೆ ವಸ್ತು ಹೆಚ್ಚು ತಣ್ಣಗಿರುವಂತೆ ವರ್ತಿಸುವುದು. ನಿಧಾನವಾದ ಎಳೆತಕ್ಕೆ ಮೆತ್ತಗಿರುವ ರಬ್ಬರು ಸುತ್ತಿಗೆಯ ಪೆಟ್ಟಿಗೆ ಗಡುಸಾಗಿ ಕಾಣಬಹುದು. ಸೊನ್ನೆಯಿಂದ ಬಹು ಕೆಳಗಿನ ಆ ಅಂತರವೇ ವೇಗದ ಪೆಟ್ಟಿಗೆ ಇಟ್ಟ ಮೀಸಲು. ಕುಡಿಯುವ ನೀರಿನ ಪಿ.ವಿ.ಸಿ. ಪೈಪುಗಳನ್ನು ಕುರಿತ ಐ.ಎಸ್. ೪೯೮೫ ಎಂಬ ಭಾರತೀಯ ಮಾನಕದಲ್ಲಿ ಪೈಪನ್ನು ಸೊನ್ನೆ ಡಿಗ್ರಿಗೆ ತಂಪಾಗಿಸಿ ಅದರ ಮೇಲೆ ಭಾರ ಬೀಳಿಸಿ ನೋಡಬೇಕೆಂದು ವಿಧಿಸಿರುವುದೂ ಕಠಿನವಾದ ಸ್ಥಿತಿಯಲ್ಲಿ ಪೈಪನ್ನು ಪರೀಕ್ಷಿಸಲೆಂದೇ.

ಹಾಗಾದರೆ ಪಾಲಿಬ್ಯುಟಡೈಯೀನೇ ಉತ್ತಮವೆ? ಫ್ರಿಜ್ಜಿನ ಒಳಗೋಡೆ, ಟೆಲಿವಿಷನ್ನಿನ ಪೆಟ್ಟಿಗೆ ಮುಂತಾದ ಮನೆಯೊಳಗಿನ ಸಾಮಾನಿಗೆ ಹೌದು. ಹೊಲದ ಸಾಮಾನಿಗೆ ಅಲ್ಲ. ಅದರ ಬೃಹದಣುವಿನಲ್ಲಿ ಜೋಡಿಬಂಧಗಳಿವೆ. ಬಿಸಿಲು ಮತ್ತು ಆಮ್ಲಜನಕ ಮೊದಲು ಕೈಹಾಕುವುದು ಈ ಬಂಧಗಳ ನೆರೆಗೆ. ರಬ್ಬರು ಉತ್ಕರ್ಷಣ ಹೊಂದಿ ತಾನೇ ಪೆಡಸಾಗುವುದು. ಅದೇ ಜಿಲ್ಲೆಯ ನರಸಿಂಹರಾಜಪುರದ ಕಡೆ ಬೆಳೆಯುವ ಮರದ ರಬ್ಬರಿಗೂ ಇದೇ ದೋಷ. ಆದುದರಿಂದ ಹೊರಗೆ ಬಳಸುವ ಪಿ.ವಿ.ಸಿ.ಗೆ ಜೋಡಿಬಂಧವಿಲ್ಲದ ಅಕ್ರಿಲಿಕ್ ರಬ್ಬರನ್ನೋ, ಕ್ಲೋರಿನ್ ಸೇರಿಸಿ ರಬ್ಬರಿನಂತೆ ಮಾಡಿದ ಪಾಲಿಥೀನನ್ನೋ ಆರಿಸುವರು. ಚಳಿಯಲ್ಲಿ ಇವು ಸ್ವಲ್ಪ ಹಿಂದೆ. ಬಿಸಿಲಿನಲ್ಲಿ ಬಹಳ ಮುಂದೆ. ನಮ್ಮ ನಾಡಿಗೆ ಬೇಕಾದುದು ಎರಡನೆಯದೇ ಅಲ್ಲವೆ?

ಬಾವಿಯೊಳಗೆ ಕತ್ತಲೆ, ಬಿಸಿಲಿನ ಮಾತೇಕೆ ಎನ್ನಬಾರದು. ಪೈಪಿಗೆ ಆಪತ್ತು ಬಾವಿಯ ಹೊರಗೆ. ಅಂಗಡಿಯ ಮುಂದೆ ತಿಂಗಳುಗಟ್ಟಲೆ ಬಯಲಲ್ಲಿ ನಿಲ್ಲಿಸಿಟ್ಟ ಪೈಪುಗಳನ್ನು ಎಲ್ಲಿ ಬೇಕಾದರೂ ಕಾಣಬಹುದು. ಮೋಟಾರು ಸುಟ್ಟು ರಿಪೇರಿಗೆ ಹೋದಾಗ ಮೇಲೆತ್ತಿದ ಪೈಪುಗಳು ಬದುವಿನ ಮೇಲೆ ಬಿದ್ದಿರುವುವು. ಬಿಸಿಲಿನಿಂದ ಪಿ.ವಿ.ಸಿ. ತಾನೂ ಕೆಡುವುದು: ಹೈಡ್ರೋಜನ್ ಕ್ಲೋರೈಡು ಕಳಚಿಕೊಂಡು ಮೈ ಹಳದಿಯಾಗುವುದು. ಕೆಡುವುದು ಮೇಲಿನ ತೆಳು ಪದರ ಮಾತ್ರ, ಒಳಗೆ ಎಲ್ಲವೂ ಚೆನ್ನಾಗಿದೆ ಎಂದು ಸಮಾಧಾನ ಪಡುವವರುಂಟು. ಈ ಸಮಾಧಾನ ಸರಿಯಲ್ಲ. ಪೆಡಸಾದ ತೆಳು ಸಿಪ್ಪೆಯಲ್ಲಿ ಹುಟ್ಟಿದ ಬಿರುಕು ವೇಗವಾಗಿ ಓಡಿಬಂದು ಒಳಗಿನ ದೃಢವಾದ ಭಾಗವನ್ನು ಮುಟ್ಟಿದಾಗ, ಅದು ಅತ್ಯಂತ ಚೂಪಾದ ಕಚ್ಚಿನಂತೆ ಕೆಲಸ ಮಾಡುವುದು. ಪೈಪುಗಳನ್ನು ನೆರಳಿನಲ್ಲಿ, ಅದಾಗದಿದ್ದರೆ ತೆಂಗಿನ ಗರಿಯ ಮರೆಯಲ್ಲಿ, ಇಡುವುದು ಈ ಕಾರಣದಿಂದ ಯುಕ್ತ.

ರಬ್ಬರಿಗೆ ಕೊಡಬೇಕಾದ ಬೆಲೆಯೂ ಉಂಟು. ಬಿರುಸು ಕಡಿಮೆಯಾಗುವುದನ್ನು ಆಗಲೇ ಹೇಳಿದೆವು. ಅಪ್ಪಟ ಪಾಲಿಸ್ಟೈರೀನ್ ಪಾರದರ್ಶಕ. ರಬ್ಬರ್ ಕೂಡಿದುದು ಹಾಲಿನಂತೆ ಬಿಳಿ, ಏಕೆಂದರೆ ಕಣಕ್ಕೂ ಸುತ್ತಣ ವಸ್ತುವಿಗೂ ವಕ್ರೀಭವನಾಂಕ ಬೇರೆಯಾಗಿ ಬೆಳಕು ಚದುರುವುದು. ಪೈಪಿಗೆ ಇದರಿಂದ ನಷ್ಟವಿಲ್ಲ. ನಿಜವಾದ ಬೆಲೆ ಹಣದ್ದು. ಬೆರಕೆಯ ಕಣಗಳು ಪಿ.ವಿ.ಸಿ.ಗಿಂತ ದುಬಾರಿ, ಸುಣ್ಣಕಲ್ಲಿನ ಪುಡಿ ಬಹಳ ಅಗ್ಗ. ಸ್ವಲ್ಪ ಪುಡಿ ಎಲ್ಲ ಪೈಪುಗಳಲ್ಲಿಯೂ ಇರುವುದು, ಅದು ದೋಷವಲ್ಲ. ನುಣುಪಾದ, ಮೈಗೆ ಲೇಪ ಕೊಟ್ಟ ಪುಡಿ ಮಿತವಾಗಿದ್ದರೆ ಕೆಲಮಟ್ಟಿಗೆ ಸಹಾಯಕವೂ ಹೌದು. ಆದರೆ ಒರಟು ಪುಡಿಯನ್ನು ಮಿತಿಮೀರಿ ತುಂಬಿದರೆ ಒಂದೊಂದು ಕಾಳೂ ಬಿರುಕಿನ ಬೀಜವಾಗುವುದು. ನೋಟಕ್ಕೆ ಒಳ್ಳೆಯ ಪೈಪಿಗೂ ಇದಕ್ಕೂ ವ್ಯತ್ಯಾಸ ಕಾಣದು. ಬೆಲೆಯಲ್ಲಿ ಮಾತ್ರ ಕಾಣುವುದು, ಅದೂ ಕೊಳ್ಳುವವನಿಗೆ ಲಾಭವೆಂಬಂತೆ.

ಇದನ್ನು ಪತ್ತೆಹಚ್ಚುವುದು ನಮ್ಮ ಕಾಲೇಜುಗಳ ಪ್ರಯೋಗಶಾಲೆಗೆ ಮೀರಿದ ಕೆಲಸವಲ್ಲ. ಆ ಸೀಮೆಯ ಕಾಲೇಜುಗಳ ಅಧ್ಯಾಪಕರು ವಿದ್ಯಾರ್ಥಿಗಳ ಕೈಯಿಂದ ಇದನ್ನು ಮಾಡಿಸಬಹುದು. ಪೈಪಿನ ಚೂರೊಂದನ್ನು ಗಾಳಿಯಲ್ಲಿಯೂ ನೀರಿನಲ್ಲಿಯೂ ತೂಗಿ ಆರ್ಕಿಮಿಡೀಸನ ರೀತಿಯಲ್ಲಿ ಸಾಂದ್ರತೆಯನ್ನು ಕಂಡುಹಿಡಿಯಿರಿ. ಮೇಲೆ ಹೇಳಿದ ಮಾನಕದ ಪ್ರಕಾರ ಅದು ೧.೪೦ರಿಂದ ೧.೪೬ರೊಳಗಿರಬೇಕು. ಸುಣ್ಣಕಲ್ಲಿನ ಸಾಂದ್ರತೆ ೨.೭, ಆದುದರಿಂದ ಪುಡಿ ಹೆಚ್ಚಿದಂತೆ ಅಂಕಿ ಮೇಲೇರಿ ೧.೫ನ್ನು ದಾಟುವುದು. ಬಳಿಕ ಪೈಪಿನಿಂದ ಕಿರಿದಾದ ಪಟ್ಟಿಯನ್ನು ಕೊಯ್ದು ಇಕ್ಕಳದಿಂದ ಬಾಗಿಸಿ ನೋಡಿರಿ. ರಬ್ಬರಿನ ಕಣಗಳಿದ್ದರೆ ಬಾಗಿದ ಕಡೆ ಬೆಳ್ಳಗಾಗಿ, ಮಡಚಿದರೂ ಪಟ್ಟಿ ತುಂಡಾಗದು. ಕಣಗಳೊಳಗೆ ಪೊಳ್ಳು ಬಿದ್ದುದರ ಗುರುತು ಆ ಬಿಳುಪು. ಆದರೆ ಬಿಳುಪೊಂದನ್ನೇ ನಂಬಬಾರದು. ಸುಣ್ಣಕಲ್ಲಿನ ಕಾಳುಗಳು ಪ್ಲಾಸ್ಟಿಕ್ಕಿನಿಂದ ಬಿಟ್ಟುಕೊಂಡಾಗಲೂ ಮೈ ಬೆಳ್ಳಗಾಗುವುದು. ವ್ಯತ್ಯಾಸವೆಂದರೆ ಆಗ ಪಟ್ಟಿ ಅಲ್ಲಿಯೇ ಪಟಕ್ಕನೆ ಮುರಿಯುವುದು.

ಪುಡಿಯ ಪ್ರಮಾಣವನ್ನು ತಿಳಿಯಲು ಪೈಪನ್ನು ಸುಟ್ಟು ಬೂದಿ ತೂಗುವ ಯೋಚನೆ ಬರಬಹುದು. ಅದು ಸಲ್ಲದು. ಹೊರಬರುವ ಹೈಡ್ರೋಜನ್ ಕ್ಲೋರೈಡು ಉಸಿರಿಗೆ ಹಾನಿಕರವಷ್ಟೇ ಅಲ್ಲ, ಸುಣ್ಣಕಲ್ಲನ್ನೇ ತಿಂದು ಕ್ಯಾಲ್ಸಿಯಮ್ ಕ್ಲೋರೈಡಾಗಿ ಮಾರ್ಪಡಿಸಿ ಲೆಕ್ಕವನ್ನು ಕೆಡಿಸುವುದು. ಅದರ ಬದಲು ಪೈಪನ್ನು ತೆಳುವಾಗಿ ಹೆರೆದು, ತೂಗಿ, ಟೆಟ್ರಾಹೈಡ್ರೋಫ್ಯುರಾನಿನಲ್ಲಿ ಹಾಕಿಡಬೇಕು. ಪೈಪು ಅಂಟಿಸುವ ಗೋಂದಿನಲ್ಲಿಯೂ ಬಳಕೆಯಾಗುವ ದ್ರಾವಕವಿದು; ಬೆಂಕಿಯಿಂದ ದೂರವಿರಿಸಿ, ಗಾಳಿಯಾಡುವ ಕಡೆ ಕೆಲಸ ಮಾಡಬೇಕು. ಪಿ.ವಿ.ಸಿ. ಕರಗುವುದು, ಪುಡಿ ಕರಗದು. ಒಂದು ರಾತ್ರಿ ಬಿಟ್ಟರೆ ಪುಡಿ ತಳದಲ್ಲಿ ಕೂಡುವುದು. ಮೇಲಿನ ದ್ರಾವಣವನ್ನು ಬಸಿದು, ಹೊಸ ದ್ರಾವಕದಿಂದ ಎರಡು ಮೂರು ಸಲ ತೊಳೆದು, ಒಣಗಿಸಿ ತೂಗಬೇಕು. ಆ ಪುಡಿಯ ಮೇಲೆ ಸಾರಗುಂದಿಸಿದ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟಾಗ ನೊರೆಯೆದ್ದರೆ ಅದು ಸುಣ್ಣಕಲ್ಲು. ನೊರೆ ನಿಂತ ಮೇಲೂ ಬಿಳಿಯಾಗಿ ಉಳಿಯುವ ಅಲ್ಪ ಶೇಷ ಬಹುಮಟ್ಟಿಗೆ ಟೈಟೇನಿಯಮ್ ಡೈಆಕ್ಸೈಡು. ಪೈಪನ್ನು ಬಿಸಿಲಿನಿಂದ ಕಾಪಾಡಲು ಹಾಕಿದ್ದು.